ವಿಂಚೆಸ್ಟರ್ ಕೆಥೆಡ್ರಲ್: ನೀರಿನಡಿ ಕಟ್ಟಿದ ತಳಪಾಯ

ಇಂಗ್ಲೆಂಡಿನ ವಿಂಚೆಸ್ಟರ್ ಕೆಥೆಡ್ರಲ್ ಎಂಬ ದೊಡ್ಡ ಚರ್ಚಿನ ಕಟ್ಟಡ ಕೆಲಸವನ್ನು ನಾರ್ಮನ್ ಜನಾಂಗದ ಬಿಷಪ್ ವಾಕೆಲಿನ್ 1079ರಲ್ಲಿ ಆರಂಭಿಸಿದನು. ಇಚೆನ್ ನದಿಯ ತಗ್ಗಿನಲ್ಲಿರುವ ಆ ನೆಲದಡಿಯಲ್ಲಿ ಪೀಟ್ ಎಂಬ ಅರೆಕೊಳೆತ ಸಸ್ಯಾವಶೇಷದ ಪದರವಿದೆ. ಭಾರ ಬಿದ್ದಂತೆಲ್ಲ ಅದು ಒದ್ದೆ ಹತ್ತಿಯ ಹಾಗೆ ಕುಗ್ಗುತ್ತದೆ. 13ನೇ ಶತಮಾನದ ಆರಂಭದಲ್ಲಿ ಪೂರ್ವ ಭಾಗವನ್ನು ವಿಸ್ತರಿಸಿದವರು ಬೀಚ್ ಮರದ ದಿಮ್ಮಿಗಳನ್ನು ಅಡ್ಡಡ್ಡವಾಗಿ ಹಾಸಿ, ಅದರ ಮೇಲೆ ಗೋಡೆ ಎಬ್ಬಿಸಿದರು. ಇದನ್ನು ಅಜ್ಞಾನವೆನ್ನಲಾಗದು: ಸದಾ ನೀರಿನಲ್ಲಿ ಮುಳುಗಿರುವ ಮರಕ್ಕೆ ಆಮ್ಲಜನಕ ತಾಗದ ಕಾರಣ ಅದು ಬೇಗ ಕೊಳೆಯುವುದಿಲ್ಲ. ಆದರೆ ದಿಮ್ಮಿಗಳ ಕೆಳಗಿನ ಪೀಟ್ ಮಾತ್ರ ಶತಮಾನಗಳ ಕಾಲ ಕುಗ್ಗುತ್ತಲೇ ಹೋಯಿತು.

20ನೇ ಶತಮಾನದ ಆರಂಭದ ಹೊತ್ತಿಗೆ ಗೋಡೆಗಳು ವಾಲಿ, ಬಿರುಕುಗಳು ಅಗಲವಾಗಿದ್ದವು. ಪೀಟ್‌ನ ಕೆಳಗೆ ಗಟ್ಟಿಯಾದ ಗರಸಿನ ಪದರವಿದ್ದರೂ ಅಲ್ಲಿಗೆ ಅಗೆದೊಡನೆ ಗುಂಡಿಯಲ್ಲಿ ನೀರು ತುಂಬುತ್ತಿತ್ತು. ಪಂಪಿನಿಂದ ನೀರನ್ನು ಹೊರಹಾಕಿದರೆ ಅದರೊಂದಿಗೆ ನುಣುಪು ಮಣ್ಣೂ ಹರಿದುಬಂದು ಗೋಡೆ ಇನ್ನಷ್ಟು ಕುಸಿಯುವ ಭಯವಿತ್ತು. ಹೀಗಾಗಿ ಎಂಜಿನಿಯರ್ ಫ್ರಾನ್ಸಿಸ್ ಫಾಕ್ಸ್ ನೀರನ್ನು ಹಾಗೆಯೇ ಬಿಟ್ಟು, ವಿಲಿಯಂ ವಾಕರ್ ಎಂಬ ಮುಳುಗುಗಾರನನ್ನು ಒಳಗಿಳಿಸಿದರು.

1906ರಿಂದ 1911ರವರೆಗೆ ವಾಕರ್ ತನ್ನ ಭಾರವಾದ ಮುಳುಗು ಉಡುಪಿನಲ್ಲಿ, ಸುಮಾರು 6 ಮೀಟರ್ ಆಳದವರೆಗಿನ ಗುಂಡಿಗಳಿಗೆ ಇಳಿದು ದುಡಿದನು. ಕದಡಿದ ನೀರಿನ ಕಗ್ಗತ್ತಲಲ್ಲಿ ಕಣ್ಣು ಉಪಯೋಗಕ್ಕೆ ಬಾರದು. ಕೈಯಿಂದ ತಡವರಿಸುತ್ತಲೇ ಪೀಟ್ ಬಗೆದು ತೆಗೆದು, ಗರಸಿನ ಮೇಲೆ ಕಾಂಕ್ರೀಟ್ ಚೀಲಗಳನ್ನು ಒತ್ತೊತ್ತಾಗಿ ಹಾಸಬೇಕಿತ್ತು. ಕಾಂಕ್ರೀಟ್ ಗಟ್ಟಿಯಾಗಿ ತಳ ಮುಚ್ಚಿಹೋದ ಮೇಲಷ್ಟೇ ನೀರನ್ನು ಹೊರಹಾಕುವುದು ಸುರಕ್ಷಿತವಾಗುತ್ತಿತ್ತು. ಆಮೇಲೆ ಗಾರೆಯವರು ಇಳಿದು, ಹಳೆಯ ತಳಪಾಯ ಮುಟ್ಟುವವರೆಗೆ ಕಾಂಕ್ರೀಟ್ ಇಟ್ಟಿಗೆಗಳನ್ನು ಕಟ್ಟುತ್ತಿದ್ದರು. ಒಮ್ಮೆಗೆ ಗೋಡೆಯ ಒಂದು ಕಿರಿದಾದ ಭಾಗದ ಕೆಳಗಷ್ಟೇ ಅಗೆಯುತ್ತಿದ್ದುದರಿಂದ ಅಲ್ಲಿನ ಭಾರವನ್ನು ಅಕ್ಕಪಕ್ಕದ ಕಲ್ಲುಕಟ್ಟಡವೇ ಹೊತ್ತುಕೊಳ್ಳುತ್ತಿತ್ತು. ಈ ರೀತಿಯ 235 ಗುಂಡಿಗಳಲ್ಲಿ 25,000ಕ್ಕೂ ಹೆಚ್ಚು ಚೀಲಗಳು ಇಳಿದವು. ನನ್ನ ದೃಷ್ಟಿಯಲ್ಲಿ, 14ನೇ ಶತಮಾನದ ಕೊನೆಯಲ್ಲಿ ಮುಖ್ಯ ಕಲ್ಲುಕುಟಿಗ ವಿಲಿಯಂ ವಿನ್‌ಫರ್ಡ್ ನಾರ್ಮನ್ ಕಾಲದ ಕಂಬಗಳನ್ನೇ ಕೆತ್ತಿ ಹೊಸ ರೂಪ ಕೊಟ್ಟ ನಡುಸಭಾಂಗಣದಷ್ಟೇ ಮೆಚ್ಚುಗೆಗೆ ಈ ಕಾಣದ ಕೆಲಸವೂ ಅರ್ಹ. ವಿಪರ್ಯಾಸವೆಂದರೆ, ವಾಕರ್ ನೆನಪಿಗೆಂದು ಮೊದಲು ಇರಿಸಿದ ಪ್ರತಿಮೆಗೆ ತಪ್ಪಾಗಿ ಫಾಕ್ಸ್‌ರ ಮುಖವೇ ಬಂದುಬಿಟ್ಟಿತ್ತು. 2001ರಲ್ಲಿ ಅದನ್ನು ಬದಲಿಸಲಾಯಿತು.

ಅಂತರ್ಜಲವಂತೂ ಎಲ್ಲಿಯೂ ಹೋಗಿಲ್ಲ. ಮಳೆಗಾಲದಂತಹ ತೇವದ ತಿಂಗಳುಗಳಲ್ಲಿ ಅದು ಮೇಲೇರಿ ಕೆಥೆಡ್ರಲ್ಲಿನ ನೆಲಮಾಳಿಗೆಯನ್ನು ತುಂಬುತ್ತದೆ. ಆಗ ಅಲ್ಲಿರುವ ಶಿಲ್ಪಿ ಆ್ಯಂಟನಿ ಗಾರ್ಮ್ಲಿಯವರ ಮಾನವಾಕೃತಿ ಕಾಲು ಮುಳುಗಿಸಿಕೊಂಡು ನಿಂತಿರುವುದನ್ನು ಪ್ರವಾಸಿಗರು ಅಂಚಿನ ಕಟ್ಟೆಯಿಂದಲೇ ನೋಡಬೇಕು.