ಹಾರಿಹೋಗುವ ನೀರು, ವಾಪಸ್ ಬರುವ ನೀರು

ಪ್ರವಾಸಿಗರು ಬಂದು ಹೋಗುವ ಒಣ ಊರುಗಳಲ್ಲಿ ಹೋಟೆಲುಗಳ ನೀರಿನ ಲೆಕ್ಕ ನೋಡುವುದು ನನ್ನ ಕೆಲಸ. ಹೋದ ಕಡೆಯೆಲ್ಲ ಬಚ್ಚಲಿನಲ್ಲಿ ಒಂದು ಚೀಟಿ ಇರುತ್ತದೆ, ಟವೆಲನ್ನು ದಿನಾ ಒಗೆಯಲು ಹಾಕಬೇಡಿ ಅಂತ. ಒಳ್ಳೆಯ ಮಾತೇ. ಆದರೆ ಕಿಟಕಿ ತೆಗೆದು ನೋಡಿದರೆ ನಡು ಮಧ್ಯಾಹ್ನದ ಬಿಸಿಲಲ್ಲಿ ಹುಲ್ಲುಹಾಸಿನ ಮೇಲೆ ಸ್ಪ್ರಿಂಕ್ಲರ್ ತಿರುಗುತ್ತಿರುತ್ತದೆ. ನನಗೆ ಹೊಟ್ಟೆ ಉರಿಯುವುದು ಅಲ್ಲಿ.

ನೀರನ್ನು ಎರಡು ಪಾಲು ಮಾಡಿ ನೋಡಿ. ಸ್ನಾನ, ಫ್ಲಶ್, ಬಟ್ಟೆ, ಪಾತ್ರೆ ಇವಕ್ಕೆ ಬಳಸಿದ ನೀರು ಕೊಳೆಯಾಗುತ್ತದೆ, ಆದರೆ ಪೈಪಿನಲ್ಲೇ ಇರುತ್ತದೆ, ಶುದ್ಧ ಮಾಡಿದರೆ ಬಹುಪಾಲು ಮತ್ತೆ ಕೈಗೆ ಸಿಗುತ್ತದೆ. ಹುಲ್ಲಿಗೆ ಬಿಟ್ಟದ್ದು, ಈಜುಕೊಳದಿಂದ ಆವಿಯಾದದ್ದು ಹಾಗಲ್ಲ. ಅದು ಹೋಯಿತು ಅಂದರೆ ಹೋಯಿತು. ಬಿಸಿ ಒಣಗಾಳಿ ಬೀಸುವ ಕಡೆ ಕೊಳದ ಮಟ್ಟ ದಿನಕ್ಕೆ 6 ಮಿಲಿಮೀಟರ್ ಇಳಿಯುವುದು ಮಾಮೂಲು. 100 ಚದರ ಮೀಟರಿನ ಕೊಳವಾದರೆ ಅದೇ 600 ಲೀಟರ್. ಅಷ್ಟೇ ತೆಳ್ಳಗೆ 1,000 ಚದರ ಮೀಟರ್ ಹುಲ್ಲಿಗೆ ನೀರು ಕೊಟ್ಟರೆ 6,000 ಲೀಟರ್, ಒಂದೇ ದಿನಕ್ಕೆ! ಕೊಳಕ್ಕೆ ರಾತ್ರಿ ಹೊದಿಕೆ ಹಾಕಿ, ಹುಲ್ಲು ಕಿತ್ತು ಅಲ್ಲಿಯದೇ ಗಿಡ ನೆಡಿ ಅಂದರೆ, ಅತಿಥಿಗಳಿಗೆ ಹಸಿರೇ ಬೇಕು ಅನ್ನುತ್ತಾರೆ. ಮರುಭೂಮಿ ನೋಡಲು ಬಂದವರಿಗೆ ಮರುಭೂಮಿಯ ಗಿಡ ತೋರಿಸಬಹುದಲ್ವಾ?

ಈ ವ್ಯತ್ಯಾಸವನ್ನು ಸರಿಯಾಗಿ ಹಿಡಿದ ಊರು ಅಮೆರಿಕದ ನೆವಾಡಾ ರಾಜ್ಯದ ಲಾಸ್ ವೇಗಾಸ್. ಕೊಲರಾಡೊ ನದಿಯಲ್ಲಿ ಆ ಇಡೀ ರಾಜ್ಯದ ಪಾಲು ವರ್ಷಕ್ಕೆ 3 ಲಕ್ಷ ಎಕರೆ-ಅಡಿ ಮಾತ್ರ, ಅಂದರೆ ಸುಮಾರು 37 ಕೋಟಿ ಘನ ಮೀಟರ್. ಕಟ್ಟಡಗಳ ಒಳಗೆ ಬಳಸಿದ ನೀರು ಹೆಚ್ಚುಕಡಿಮೆ ಪೂರ್ತಿ ಶುದ್ಧವಾಗಿ ಅದೇ ನದಿಯ ಲೇಕ್ ಮೀಡ್ ಜಲಾಶಯದ ಕಡೆಗೆ ವಾಪಸ್ ಹೋಗುತ್ತದೆ, ಹೋದಷ್ಟನ್ನು ಮತ್ತೆ ಎತ್ತಿಕೊಳ್ಳಬಹುದು. ಹಾಗಾಗಿ ಅವರು ಕೈ ಹಾಕಿದ್ದು ಹುಲ್ಲಿಗೆ. 2021ರ ಕಾನೂನಿನ ಪ್ರಕಾರ, ಮನೆಗಳ ಅಂಗಳ ಬಿಟ್ಟು, ಬರೀ ಅಂದಕ್ಕೆ ಬೆಳೆಸಿದ ಹುಲ್ಲಿಗೆ 2026 ಮುಗಿದ ಮೇಲೆ ಆ ನದಿಯ ನೀರು ಸಿಗುವುದಿಲ್ಲ.

ವಾಪಸ್ ಹೋಗುವ ದಾರಿ ಮಾಡದೆ ನೀರು ತಂದರೆ ಏನಾಗುತ್ತದೆ ಅನ್ನುವುದಕ್ಕೆ ಜೈಸಲ್ಮೇರ್ ಕೋಟೆ ಇದೆ. 12ನೇ ಶತಮಾನದ್ದು. ನೀರು ಹೊತ್ತು ತಂದು ಬದುಕುತ್ತಿದ್ದ ಜಾಗಕ್ಕೆ ನಲ್ಲಿ ಬಂತು, ಆಮೇಲೆ ಪ್ರವಾಸಿಗರು, ವಸತಿಗೃಹಗಳು. ಚರಂಡಿ ಅದಕ್ಕೆ ಸಾಲಲಿಲ್ಲ. ಸೋರಿದ ನೀರು ಬುಡಕ್ಕಿಳಿದು ಗುಡ್ಡದ ಮಣ್ಣೇ ಸಡಿಲವಾಯಿತು, ಕೆಲವು ಬುರುಜುಗಳು ಕುಸಿದವು.

ಸಮುದ್ರ ತೀರದಲ್ಲಿ ಬೋರ್‌ವೆಲ್ ನಂಬಿದವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಮೇಲಿನ ಮಟ್ಟ 1 ಮೀಟರ್ ಇಳಿದರೆ, ಕಾಲಕ್ರಮೇಣ ಕೆಳಗಿನ ಉಪ್ಪು ಸುಮಾರು 40 ಮೀಟರ್ ಮೇಲೇರಬಹುದು. ಒಮ್ಮೆ ಉಪ್ಪಾದ ಬಾವಿ ಸುಲಭಕ್ಕೆ ಸಿಹಿಯಾಗುವುದಿಲ್ಲ. ಸಮುದ್ರದ ನೀರನ್ನೇ ಸಿಹಿ ಮಾಡೋಣ ಅಂದರೆ ಘನ ಮೀಟರಿಗೆ 3–4 ಯೂನಿಟ್ ಕರೆಂಟು ಬೇಕು, ಉಳಿದ ಗಟ್ಟಿ ಉಪ್ಪುನೀರನ್ನು ಎಲ್ಲಿ ಬಿಡುವುದು ಅನ್ನುವುದು ಬೇರೆ ತಲೆನೋವು.

ಇನ್ನೊಂದು, ವರ್ಷದ ಸರಾಸರಿ ನೋಡಿ ಸುಮ್ನೆ ಸಮಾಧಾನ ಪಡಬೇಡಿ. ಎಷ್ಟೋ ಕಡೆ ಮಳೆ ಇಲ್ಲದ ತಿಂಗಳಲ್ಲೇ ಜನ ಜಾಸ್ತಿ. ತುಂಬಿದ ವಾರದ ಲೆಕ್ಕ ಬೇಕು, ತೋಟ, ಕೊಳ, ಅಡುಗೆಮನೆ, ಕೋಣೆ ಎಲ್ಲಕ್ಕೂ ಬೇರೆ ಬೇರೆ ಮೀಟರ್ ಬೇಕು. ಅದಕ್ಕೆ ಹಣ ಕೂಡಿಬರುವವರೆಗೆ ಒಂದು ಕೆಲಸ ಮಾಡಿ. ಟ್ಯಾಂಕ್ ತುಂಬುವುದನ್ನು ನಿಲ್ಲಿಸಿ, ತೋಟದ ವಾಲ್ವ್ ಮುಚ್ಚಿ, ರಾತ್ರಿ 2ಕ್ಕೂ 4ಕ್ಕೂ ಟ್ಯಾಂಕಿನ ಮಟ್ಟ ಅಳೆಯಿರಿ. ಎಲ್ಲರೂ ಮಲಗಿದ್ದಾಗಲೂ ಮಟ್ಟ ಚೆನ್ನಾಗಿ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಮೊದಲು ಫ್ಲಶ್ ಟ್ಯಾಂಕುಗಳನ್ನು ನೋಡಿ.