ಪಿಎಫ್‌ಒಎಸ್‌ನ ತಲೆ ಮತ್ತು ಬಾಲ: ಅದು ನಮ್ಮ ರಕ್ತದಲ್ಲಿ ಯಾಕೆ ಉಳಿಯುತ್ತದೆ?

ಕಳೆದ ಭಾನುವಾರ ಕಬ್ಬನ್ ಪಾರ್ಕ್‌ನಲ್ಲಿ ನಾವು ನಾಲ್ಕು ಜನ ಓದುತ್ತಾ ಕೂತಿದ್ದಾಗ ಗೆಳತಿಯೊಬ್ಬಳು ಕೇಳಿದಳು: "ಬೆಳ್ಳಂದೂರು ಕೆರೆಯಲ್ಲಿ ನೊರೆ ಏಳುತ್ತಿತ್ತಲ್ಲ, ಆ ಡಿಟರ್ಜೆಂಟೂ ಸಲ್ಫೋನೇಟೇ, ಪಿಎಫ್‌ಒಎಸ್ ಕೂಡ ಸಲ್ಫೋನೇಟೇ. ಮತ್ತೆ ಇದರ ಬಗ್ಗೆ ಮಾತ್ರ ಯಾಕೆ ಇಷ್ಟು ಭಯ?" ತುಂಬಾ ಒಳ್ಳೆಯ ಪ್ರಶ್ನೆ. ಪಿಎಫ್‌ಒಎಸ್ ಅಂದರೆ ಕಾರ್ಖಾನೆಯಲ್ಲಿ ತಯಾರಿಸಿದ, ಫ್ಲೋರಿನ್ ತುಂಬಿದ ಒಂದು ರಸಾಯನ. ಅಲ್ಲಿಂದಲೇ ಶುರು ಮಾಡುತ್ತೇನೆ.

ಎರಡರ ಅಣುವಿಗೂ ಒಂದು ತಲೆ, ಒಂದು ಉದ್ದ ಬಾಲ ಇರುತ್ತದೆ. ಎರಡಕ್ಕೂ ತಲೆ ಒಂದೇ. ಬಟ್ಟೆ ಒಗೆಯುವ ಪುಡಿಯಲ್ಲಿರುವ ಎಲ್‌ಎಎಸ್ ತೆಗೆದುಕೊಳ್ಳಿ, ಪಿಎಫ್‌ಒಎಸ್ ತೆಗೆದುಕೊಳ್ಳಿ, ಒಂದು ತುದಿಯಲ್ಲಿ ಸಲ್ಫೋನೇಟ್ ಇರುತ್ತದೆ: ಒಂದು ಗಂಧಕ, ಅದಕ್ಕೆ ಮೂರು ಆಮ್ಲಜನಕ. ಆ ಗಂಧಕ ನೇರವಾಗಿ ಕಾರ್ಬನ್‌ಗೆ ಕೂಡಿರುತ್ತದೆ. ಸಲ್ಫೇಟ್‌ನಲ್ಲಾದರೆ ನಡುವೆ ಇನ್ನೊಂದು ಆಮ್ಲಜನಕ ಇರುತ್ತದೆ, ಪರೀಕ್ಷೆಯಲ್ಲಿ ಇಲ್ಲೇ ಎಡವುವುದು, ನೋಡಿಕೊಳ್ಳಿ.

ವ್ಯತ್ಯಾಸ ಇರುವುದು ಬಾಲದಲ್ಲಿ. ಎಲ್‌ಎಎಸ್ ಬಾಲದ ಕಾರ್ಬನ್‌ಗಳಿಗೆ ಹೈಡ್ರೋಜನ್ ಅಂಟಿರುತ್ತದೆ. ಗಾಳಿಯಾಡುವ ನೀರಿನಲ್ಲಿ ಬ್ಯಾಕ್ಟೀರಿಯಾ ಅದನ್ನು ತುದಿಯಿಂದ ತಿನ್ನುತ್ತಾ ಬರುತ್ತವೆ. ಕೆರೆಯ ತಳದ ಹೂಳಿನಲ್ಲಿ ಆಮ್ಲಜನಕ ಸಿಗದಿದ್ದರೆ ಮಾತ್ರ ಅದು ಹಾಗೇ ಕೂತುಬಿಡುತ್ತದೆ. ಪಿಎಫ್‌ಒಎಸ್ ಬಾಲದಲ್ಲಿ ಎಂಟು ಕಾರ್ಬನ್, 17 ಫ್ಲೋರಿನ್, ಒಂದೂ ಹೈಡ್ರೋಜನ್ ಇಲ್ಲ. ಕಾರ್ಬನ್-ಫ್ಲೋರಿನ್ ಬಂಧ ಮುರಿಯಲು ಮೋಲ್‌ಗೆ ಸುಮಾರು 485 ಕಿಲೋಜೌಲ್ ಬೇಕು. ಬ್ಯಾಕ್ಟೀರಿಯಾಕ್ಕೂ ಅಲ್ಲಿ ಹಲ್ಲು ಇಳಿಯುವುದಿಲ್ಲ, ನಮ್ಮ ಲಿವರ್‌ನ ಕಿಣ್ವಗಳಿಗೂ ಇಳಿಯುವುದಿಲ್ಲ.

ಈ ಬಾಲಕ್ಕೆ ನೀರೂ ಹಿಡಿಸುವುದಿಲ್ಲ, ಎಣ್ಣೆಯೂ ಹಿಡಿಸುವುದಿಲ್ಲ. ಅದಕ್ಕೇ ಇದರ ಬಳಗದ ರಸಾಯನಗಳನ್ನು ಕಲೆ ಹಿಡಿಯದ ಕಾರ್ಪೆಟ್, ಪೆಟ್ರೋಲ್ ಬೆಂಕಿ ಆರಿಸುವ ನೊರೆ, ಹೀಗೆ ಎಲ್ಲೆಲ್ಲೋ ಬಳಸಿದರು. ಪೀಣ್ಯದ ಕಡೆ ಪ್ಲೇಟಿಂಗ್ (ಲೋಹಕ್ಕೆ ಕ್ರೋಮ್ ಲೇಪಿಸುವ) ಕೆಲಸ ನೋಡಿದವರಿಗೆ ಕ್ರೋಮಿಕ್ ಆಮ್ಲದ ತೊಟ್ಟಿಯಿಂದ ಏಳುವ ಮಂಜು ಗೊತ್ತಿರಬಹುದು, ಜಗತ್ತಿನ ಹಲವು ಕಡೆ ಆ ಮಂಜು ತಡೆಯಲು ಹಾಕಿದ್ದೂ ಇದನ್ನೇ. ಮುಖ್ಯ ತಯಾರಕ ಕಂಪನಿ 3ಎಂ ತಾನು ನಿಲ್ಲಿಸುವುದಾಗಿ 2000ರಲ್ಲಿ ಹೇಳಿತು. 2009ರಲ್ಲಿ ಪಿಎಫ್‌ಒಎಸ್, ಬೇಗ ಕರಗದೆ ಉಳಿಯುವ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಅನುಬಂಧ ಬಿ-ಗೆ ಸೇರಿತು. ಬಿ ಅಂದರೆ ನಿರ್ಬಂಧ, ಪೂರ್ತಿ ನಿಷೇಧ ಅಲ್ಲ.

ಈಗ ರಕ್ತದ ವಿಷಯ. ನಾನು ಜಾಸ್ತಿ ಹೊತ್ತು ಒದ್ದಾಡಿದ್ದು ಇಲ್ಲೇ. ಕೀಟನಾಶಕ ಡಿಡಿಟಿ ಬಗ್ಗೆ ಓದಿದವರೆಲ್ಲ "ದೇಹದಲ್ಲಿ ಉಳಿಯುವ ವಿಷ ಅಂದರೆ ಕೊಬ್ಬಿನಲ್ಲಿ ಸೇರುತ್ತದೆ" ಅಂತಲೇ ತಲೆಯಲ್ಲಿ ಇಟ್ಟುಕೊಂಡಿರುತ್ತೇವೆ. ಪಿಎಫ್‌ಒಎಸ್ ಹಾಗಲ್ಲ. ಇದು ಪ್ರೋಟೀನ್ ಹಿಡಿಯುತ್ತದೆ, ಅದರಲ್ಲೂ ರಕ್ತದ ಆಲ್ಬುಮಿನ್ ಅನ್ನು. ಆಲ್ಬುಮಿನ್‌ನ ಕೆಲಸವೇ ಕೊಬ್ಬಿನ ಆಮ್ಲಗಳನ್ನು ಹೊತ್ತು ತಿರುಗುವುದು. ಉದ್ದ ಬಾಲ, ಋಣ ವಿದ್ಯುದಂಶದ ತಲೆ ಇರುವ ಪಿಎಫ್‌ಒಎಸ್ ನೋಡಲು ಕೊಬ್ಬಿನ ಆಮ್ಲದ ಹಾಗೇ ಇದೆ, ಹಾಗಾಗಿ ಅದೇ ಜಾಗದಲ್ಲಿ ಹತ್ತಿ ಕೂರುತ್ತದೆ. ಲಿವರ್‌ನಲ್ಲೂ ಸೇರುತ್ತದೆ. ಪಿತ್ತರಸದ ಜೊತೆ ಕರುಳಿಗೆ ಹೋದರೆ ಕರುಳು ಮತ್ತೆ ಹೀರಿಕೊಳ್ಳುತ್ತದೆ, ಕಿಡ್ನಿಯಲ್ಲಿ ಸೋಸಿ ಹೋದ ಚೂರುಪಾರೂ ಬಹುಪಾಲು ವಾಪಸ್ ಬರುತ್ತದೆ. ಹೊರಹೋಗುವ ಬಾಗಿಲು ಅಷ್ಟು ಕಿರಿದು.

ಇದರಿಂದ ಅರ್ಧಾಯು, ಅಂದರೆ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ವರ್ಷಗಟ್ಟಲೆ ಆಗುತ್ತದೆ. ನಿವೃತ್ತ ಕಾರ್ಖಾನೆ ಕೆಲಸಗಾರರಲ್ಲಿ ಸರಾಸರಿ 5.4 ವರ್ಷ ಬಂತು. ಕುಡಿಯುವ ನೀರು ಕೆಟ್ಟಿದ್ದ ಸ್ವೀಡನ್‌ನ ರೊನ್ನೆಬಿ ಊರಿನವರಲ್ಲಿ 3.4 ವರ್ಷ. ಲೆಕ್ಕ ಸುಲಭ: ಅರ್ಧಾಯು 5 ವರ್ಷ ಅಂತ ಹಿಡಿದರೆ, ಮಿಲಿಲೀಟರ್‌ಗೆ 20 ನ್ಯಾನೋಗ್ರಾಂ ಇದ್ದವರಲ್ಲಿ 10 ವರ್ಷ ಕಳೆದ ಮೇಲೂ 5 ಇರುತ್ತದೆ. ಅದೂ ಇವತ್ತಿನಿಂದ ಒಂದು ಕಣವೂ ಹೊಸದಾಗಿ ಒಳಗೆ ಹೋಗದಿದ್ದರೆ.

ಆದರೂ ನಿಲ್ಲಿಸಿದರೆ ಇಳಿಯುತ್ತದೆ ಅನ್ನುವುದಕ್ಕೆ ಅಮೆರಿಕದ ಅಂಕಿಗಳೇ ಸಾಕ್ಷಿ. ಅಲ್ಲಿನ ಜನಸಾಮಾನ್ಯರ ರಕ್ತದಲ್ಲಿ 1999-2000ರಲ್ಲಿ ಮಿಲಿಲೀಟರ್‌ಗೆ ಸರಾಸರಿ 30 ನ್ಯಾನೋಗ್ರಾಂ ಹತ್ತಿರ ಇದ್ದದ್ದು 2017-18ಕ್ಕೆ 4ರ ಆಸುಪಾಸಿಗೆ ಬಂತು. ಭಾರತದ ರಕ್ತದ ಮಾದರಿಗಳೂ ಸೇರಿದ್ದ 2004ರ ಒಂದು ಹೋಲಿಕೆಯಲ್ಲಿ ಅಮೆರಿಕ, ಪೋಲೆಂಡ್ 30ರ ಮೇಲಿದ್ದವು, ನಮ್ಮದು 3ಕ್ಕಿಂತ ಕಡಿಮೆ. ಖುಷಿ ಪಡುವ ಮೊದಲು ವರ್ಷ ನೋಡಿ. ಅದು ಇಪ್ಪತ್ತು ವರ್ಷ ಹಳೆಯ ಅಂಕಿ, ಆಮೇಲೆ ನಮ್ಮ ಮನೆಗಳಿಗೆ ಬಂದ ಸಾಮಾನು ಎಷ್ಟು ಬದಲಾಗಿದೆ ಅಲ್ವಾ? ಕ್ಯಾನ್ಸರ್ ವಿಷಯ ಕೇಳುವವರಿಗೆ: 2023ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಇದನ್ನು 2ಬಿ ಗುಂಪಿಗೆ ಹಾಕಿತು, ಅಂದರೆ "ಕ್ಯಾನ್ಸರ್ ತರುವ ಸಾಧ್ಯತೆ ಇದೆ" ಅಂತ. "ಕ್ಯಾನ್ಸರ್ ತರುತ್ತದೆ" ಅನ್ನುವ ಮೊದಲ ಗುಂಪಿಗೆ ಹೋದದ್ದು ಇದರ ಸೋದರ ಪಿಎಫ್‌ಒಎ. ಎರಡನ್ನೂ ಕಲಸಬೇಡಿ.

ನಮ್ಮಮ್ಮ ಕಾವೇರಿ ನೀರಾದರೂ ಸರಿ, ಟ್ಯಾಂಕರ್ ನೀರಾದರೂ ಸರಿ, ಚೆನ್ನಾಗಿ ಕುದಿಸಿದರೆ ಎಲ್ಲ ಹೋಗುತ್ತದೆ ಅಂತ ನಂಬಿದ್ದಾರೆ. ಕ್ರಿಮಿಗಳ ಮಟ್ಟಿಗೆ ಅದು ನಿಜ. ಪಿಎಫ್‌ಒಎಸ್ ಆವಿಯಾಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ. ಆರ್‌ಒ ಅಥವಾ ಒಳ್ಳೆಯ ಇದ್ದಿಲ ಫಿಲ್ಟರ್‌ನಂಥದ್ದಕ್ಕೆ ಸಿಗುತ್ತದೆ.

ಮೈ ಸೇರಿದ್ದನ್ನು ತೆಗೆಯಬಹುದಾ? ಆಸ್ಟ್ರೇಲಿಯಾದಲ್ಲಿ 285 ಅಗ್ನಿಶಾಮಕ ಸಿಬ್ಬಂದಿಯನ್ನು ಮೂರು ಗುಂಪು ಮಾಡಿ ಒಂದು ವರ್ಷ ನೋಡಿದರು. 12 ವಾರಕ್ಕೊಮ್ಮೆ ರಕ್ತ ಕೊಟ್ಟವರಲ್ಲಿ ಪಿಎಫ್‌ಒಎಸ್ ಮಿಲಿಲೀಟರ್‌ಗೆ ಸರಾಸರಿ 1.1 ನ್ಯಾನೋಗ್ರಾಂ ಇಳಿಯಿತು. 6 ವಾರಕ್ಕೊಮ್ಮೆ ಪ್ಲಾಸ್ಮಾ (ರಕ್ತಕಣಗಳನ್ನು ಬಿಟ್ಟು ಉಳಿಯುವ ದ್ರವ) ಕೊಟ್ಟವರಲ್ಲಿ 2.9 ಇಳಿಯಿತು. ಏನೂ ಕೊಡಿಸದೆ ಸುಮ್ನೆ ಗಮನಿಸಿದ ಮೂರನೇ ಗುಂಪಿನಲ್ಲಿ ಬದಲಾವಣೆ ಇಲ್ಲ. ಪ್ಲಾಸ್ಮಾ ಕೊಟ್ಟವರು ಹೆಚ್ಚು ಸಲ ಕೊಟ್ಟರು ನಿಜ, ಆದರೆ ಆಲ್ಬುಮಿನ್ ಇರುವುದೂ ಆ ಪ್ಲಾಸ್ಮಾದಲ್ಲೇ.