ತೇಪೆ ಬರುವುದು ನಿಂತ ಮೇಲೆ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯಿತು. ಮರುದಿನ ಬೆಳಿಗ್ಗೆ ನನ್ನ ಹಳೆಯ ಲ್ಯಾಪ್‌ಟಾಪ್ ತೆರೆದರೆ ಎಲ್ಲವೂ ಎಂದಿನಂತೆಯೇ ಇತ್ತು. ಅವವೇ ಫೋಲ್ಡರ್‌ಗಳು, ಫ್ಯಾನಿನ ಅದೇ ಗೊರಗೊರ. ಯಂತ್ರ ಕೆಟ್ಟರೆ ರಿಪೇರಿಗೆ ಓಡುತ್ತೇವೆ. ಏನೂ ಕೆಡದೆ ಅವಧಿ ಮಾತ್ರ ಮುಗಿದರೆ ‘ನಡೆಯುತ್ತಿದೆಯಲ್ಲ, ಇರಲಿ ಬಿಡು’ ಎನ್ನುತ್ತೇವೆ. ನಾನೂ ಕೆಲವು ವಾರ ಹಾಗೆಯೇ ಅಂದುಕೊಂಡಿದ್ದೆ.

ಹಾಗಾದರೆ ಮುಗಿದದ್ದು ಏನು? ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಂ, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಕೋಟಿಗಟ್ಟಲೆ ಸಾಲುಗಳ ಬರಹ. ಬರೆದವರು ಮನುಷ್ಯರೇ ಆದ್ದರಿಂದ ಅದರಲ್ಲಿ ತಪ್ಪುಗಳಿರುತ್ತವೆ, ಕೆಲವು ಹತ್ತಾರು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿಯುತ್ತವೆ. ಒಂದೊಂದೇ ಸಿಕ್ಕಂತೆ ಕಂಪನಿ ಅದನ್ನು ಸರಿಪಡಿಸುವ ತೇಪೆ (ಪ್ಯಾಚ್) ಕಳುಹಿಸುತ್ತದೆ. ಮೈಕ್ರೋಸಾಫ್ಟ್ 2003ರಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ ಈ ಕೆಲಸ ಮಾಡುತ್ತಿದೆ. ಬೆಂಬಲ ನಿಂತಿತೆಂದರೆ ಆ ಮಂಗಳವಾರದ ತೇಪೆ ನಿಮ್ಮ ಯಂತ್ರಕ್ಕೆ ಬರುವುದಿಲ್ಲ.

ಬರದಿದ್ದರೆ ಹಳೆಯ ಸ್ಥಿತಿಯಲ್ಲೇ ಇರುತ್ತದೆ, ಅಷ್ಟೇ ತಾನೇ? ಅಲ್ಲ. ವಿಂಡೋಸ್ 10 ಮತ್ತು 11 ಒಂದೇ ಮನೆಯ ಅಣ್ಣತಮ್ಮಂದಿರು. ಒಳಗಿನ ಬರಹದ ದೊಡ್ಡ ಪಾಲು ಎರಡಕ್ಕೂ ಸಮಾನ. ತಮ್ಮನಿಗೆ ತೇಪೆ ಬಂದ ದಿನವೇ ಕಳ್ಳನೊಬ್ಬ ತೇಪೆಗೆ ಮೊದಲಿನ ಕಡತವನ್ನೂ ನಂತರದ ಕಡತವನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸುತ್ತಾನೆ. ಹೊರಗಿನಿಂದ ಬಂದ ಮಾಹಿತಿಯ ಉದ್ದ 256 ಬೈಟ್ ಮೀರಿದರೆ ತಿರಸ್ಕರಿಸು ಎಂಬ ಒಂದು ಸಾಲು ಹೊಸದರಲ್ಲಿದ್ದು ಹಳೆಯದರಲ್ಲಿ ಇಲ್ಲ ಎಂದುಕೊಳ್ಳಿ. ಅವನಿಗೆ ಅಷ್ಟು ಸಾಕು. 257ನೇ ಬೈಟ್ ಕಳುಹಿಸಿದರೆ ಏನಾಗುತ್ತದೆ ಎಂದು ಅಣ್ಣನ ಮೇಲೆ ಪರೀಕ್ಷಿಸುತ್ತಾನೆ. ತಮ್ಮನ ಗಾಯಕ್ಕೆ ಕೊಟ್ಟ ಔಷಧವೇ ಅಣ್ಣನ ಗಾಯ ಎಲ್ಲಿದೆ ಎಂದು ತೋರಿಸಿಕೊಡುತ್ತದೆ.

ಇದರ ಬೆಲೆ ಎಷ್ಟೆಂದು 2017ರ ಮೇ 12ರಂದು ಜಗತ್ತಿಗೆ ಗೊತ್ತಾಯಿತು. ವಾನ್ನಾಕ್ರೈ ಎಂಬ ಕುತಂತ್ರಾಂಶ ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಒತ್ತೆಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳುಹಿಸಬೇಕಾಯಿತು. 2014ರಲ್ಲೇ ಬೆಂಬಲ ಕಳೆದುಕೊಂಡಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಅವಸರದಲ್ಲಿ ತೇಪೆ ಕೊಟ್ಟಿತು. ಆದರೆ ಬಲಿಯಾದವುಗಳಲ್ಲಿ ಬಹುಪಾಲು ಎಕ್ಸ್‌ಪಿ ಅಲ್ಲ, ಆಗಿನ್ನೂ ಬೆಂಬಲವಿದ್ದ ವಿಂಡೋಸ್ 7! ವಾನ್ನಾಕ್ರೈ ನುಗ್ಗಿದ ತೂತಿಗೆ ತೇಪೆ ಮಾರ್ಚ್ 14ಕ್ಕೇ ಬಂದಿತ್ತು, ಹಾಕಿಕೊಂಡಿರಲಿಲ್ಲ. ಬಾರದ ತೇಪೆಗೂ ಹಾಕಿಕೊಳ್ಳದ ತೇಪೆಗೂ ದಾಳಿಕೋರನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ಹೊಸ ಕಂಪ್ಯೂಟರ್ ಕೊಳ್ಳಿ ಎಂಬ ಜಾಹೀರಾತುಗಳ ಮಾತನ್ನು ಸ್ವಲ್ಪ ಬದಿಗಿಡೋಣ. ಮೊದಲ ಕೆಲಸ ಫೋಟೊ, ದಾಖಲೆಗಳನ್ನು ಬೇರೆ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ನಕಲು ನಿಜವಾಗಿಯೂ ತೆರೆಯುತ್ತದೆಯೇ ಎಂದು ನೋಡುವುದು. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಆಮೇಲೆ ವಿಂಡೋಸ್ 11 ಕೂರುತ್ತದೆಯೇ ನೋಡಬೇಕು. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದಾದರೂ ಆಗಿರಬೇಕು. ಟಿಪಿಎಂ ಇಲ್ಲ ಎಂಬ ಸಂದೇಶ ಬಂದರೆ ಕೈಬಿಡಬೇಡಿ, ಎಷ್ಟೋ ಯಂತ್ರಗಳಲ್ಲಿ ಅದು ಇದ್ದೂ ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಚಾಲೂ ಆಗುವ ಯಂತ್ರದ ಮೂಲ ಸೆಟ್ಟಿಂಗ್‌ನಲ್ಲಿ, ಆಫ್ ಮಾಡಿಟ್ಟಿರುತ್ತದೆ. ತಪಾಸಣೆಯನ್ನೇ ವಂಚಿಸಿ ಕೂರಿಸುವ ಉಪಾಯಗಳೂ ಇವೆ. ಹಾಗೆ ಕೂರಿಸಿದ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬರುವ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ, ಆದ್ದರಿಂದ ನಾನು ಆ ಗೋಜಿಗೆ ಹೋಗಲಿಲ್ಲ. ಮನೆಬಳಕೆಯವರಿಗಾಗಿ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆ ಕೊಡುವ ವಿಸ್ತರಣೆಯನ್ನೂ ಕಂಪನಿ ಪ್ರಕಟಿಸಿತು. ಅದು ವಾಯಿದೆ ಮುಂದೂಡಿದಂತೆ; ಉಸಿರಾಡಲು ಸಮಯ ಸಿಗುತ್ತದೆ.

ಆಂಟಿವೈರಸ್ ಇದೆಯಲ್ಲ ಎನ್ನುವವರುಂಟು. ಅದು ಒಳಬಂದ ಕಡತವನ್ನು ಗುರುತಿಸಬಲ್ಲದು, ಆಪರೇಟಿಂಗ್ ಸಿಸ್ಟಂನ ತೂತನ್ನು ಮುಚ್ಚಲಾರದು. ಬ್ರೌಸರ್ ಕೂಡ ಒಂದು ದಿನ ಕೈಕೊಡುತ್ತದೆ: ವಿಂಡೋಸ್ 7ಕ್ಕೆ ಕ್ರೋಮ್ 109ನೇ ಆವೃತ್ತಿಯೇ ಕೊನೆಯದಾಯಿತು. ಬ್ರೌಸರ್ ನಿಂತ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಶುದ್ಧ ಹುಂಬತನ.

ಪ್ರಯೋಗಾಲಯದ ಉಪಕರಣಕ್ಕೋ ಕಾರ್ಖಾನೆಯ ಯಂತ್ರಕ್ಕೋ ಜೋಡಿಸಿದ, ಬದಲಿಸಲಾಗದ ಕಂಪ್ಯೂಟರುಗಳ ಕಥೆ ಬೇರೆ. ಅವುಗಳ ನೆಟ್‌ವರ್ಕ್ ತಂತಿಯನ್ನು ಕಿತ್ತು, ಕಂಡಕಂಡ ಪೆನ್‌ಡ್ರೈವ್ ಚುಚ್ಚದೆ ಇದ್ದರೆ ಇನ್ನೂ ಬಹುಕಾಲ ದುಡಿಸಿಕೊಳ್ಳಬಹುದು.

ನನ್ನ ಲ್ಯಾಪ್‌ಟಾಪಿನ ಪ್ರೊಸೆಸರ್ ಆರನೇ ತಲೆಮಾರಿನದು, ಹಾಗಾಗಿ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಕಡೆ ತಿರುಗಿದೆ. ಅದರ ಒಂದು ರೂಪವಾದ ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವಿಗೆ ಬರೆದು ಅಲ್ಲಿಂದಲೇ ಚಾಲೂ ಮಾಡಬಹುದು; ಹಾರ್ಡ್‌ಡಿಸ್ಕ್ ಮುಟ್ಟದೆ ವೈಫೈ, ಧ್ವನಿ, ಕನ್ನಡ ಕೀಲಿಮಣೆ ಎಲ್ಲವನ್ನೂ ಪರೀಕ್ಷಿಸಿ ನೋಡಬಹುದು. ಒಂದು ಸಂಜೆ ಹಾಗೆ ನೋಡಿ, ಮರುದಿನ ಕೂರಿಸಿದೆ. ಸ್ಕ್ಯಾನರ್ ಮಾತ್ರ ಜಪ್ಪಯ್ಯ ಎಂದರೂ ಕೆಲಸ ಮಾಡಲಿಲ್ಲ. ಈಗ ಆ ಕೆಲಸವನ್ನು ಮೊಬೈಲ್ ಕ್ಯಾಮೆರಾ ಮಾಡುತ್ತಿದೆ. ಫ್ಯಾನಿನ ಗೊರಗೊರ ಮಾತ್ರ ಹಾಗೆಯೇ ಇದೆ.